ನೀಲಾಂಜನೆಯ ನಕಲು ಮತ್ತು ಮಳಖೇಡದ ಕನಸುಗಳು

ವಾಡಿ ಜಂಕ್ಷನ್ನಿನಲ್ಲಿ ನಸುಕಿನಲ್ಲಿ ಇಳಿದವರಿಗೆ ಗೊತ್ತಿರುತ್ತದೆ, ಅರ್ಧ ನಿದ್ದೆಯಲ್ಲೇ ನಿಂತು ಚಹಾ ಕುಡಿಯುವ ಸುಖ. ಬೆಂಗಳೂರಿನ ಗಾಡಿ ಬಿಟ್ಟು ಸಿಕಂದರಾಬಾದ್ ಕಡೆಯ ಪ್ಯಾಸೆಂಜರ್ ಹತ್ತಿದರೆ ಚಿತ್ತಾಪುರ, ಮಳಖೇಡ ರೋಡ್, ಆಮೇಲೆ ನಮ್ಮ ಸೇಡಂ. ಮಳಖೇಡ ಬರುವಷ್ಟರಲ್ಲಿ ನನಗೆ ಪೂರ್ತಿ ಎಚ್ಚರವಾಗಿರುತ್ತದೆ. ಕಿಟಕಿಯಲ್ಲಿ ಸಿಮೆಂಟ್ ಧೂಳು. ನಮ್ಮ ಕಡೆಯವರಿಗೆ ಧೂಳು ಬಂತೆಂದರೆ ಊರು ಬಂತೆಂದೇ ಅರ್ಥ :)

ಈ ಧೂಳಿನ ಮಳಖೇಡವೇ ಒಂದು ಕಾಲದ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಶಾಲೆಯಲ್ಲಿ ನಾವು ಓದಿದ್ದು ಅಮೋಘವರ್ಷ ನೃಪತುಂಗ, ಕವಿರಾಜಮಾರ್ಗ, ಅಷ್ಟಕ್ಕೇ ಮುಗಿಯಿತು. ಯಾವುದು ಎಚ್ಚರ, ಯಾವುದು ಕನಸು, ಯಾವುದು ಬರೀ ತೋರಿಕೆ ಎಂಬ ಪ್ರಶ್ನೆಗೆ ಕಾಗಿಣಾ ದಂಡೆಯ ಈ ಊರಿನ ಹೆಸರಿನ ಜೊತೆ ಎರಡು ಬೇರೆ ಬೇರೆ ಉತ್ತರಗಳು ಸೇರಿಕೊಂಡಿವೆ ಎಂದು ಆಗ ಯಾವ ಮೇಷ್ಟ್ರೂ ಹೇಳಲಿಲ್ಲ.

ಮೊದಲನೆಯದು ಜೈನರದು. ಕಥೆ ನಿಮಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. ಮೊದಲ ತೀರ್ಥಂಕರ ವೃಷಭನಾಥ ಇನ್ನೂ ರಾಜನಾಗಿದ್ದ ಕಾಲ. ಸುಖವಾಗಿ ಆಳುತ್ತಿದ್ದಾನೆ, ವೈರಾಗ್ಯದ ಸುಳಿವೇ ಇಲ್ಲ. ಇಂದ್ರನಿಗೆ ಚಿಂತೆ. ಆಯುಷ್ಯ ಮುಗಿಯುತ್ತ ಬಂದಿದ್ದ ನೀಲಾಂಜನೆ ಎಂಬ ಅಪ್ಸರೆಯನ್ನು ಆರಿಸಿ ಆಸ್ಥಾನದಲ್ಲಿ ಕುಣಿಯಲು ಕರೆತರುತ್ತಾನೆ. ನೃತ್ಯ ರಂಗೇರಿದ ಹೊತ್ತಿನಲ್ಲೇ ಆಕೆಯ ಆಯುಷ್ಯ ತೀರುತ್ತದೆ, ಮಿಂಚಿನ ಹಾಗೆ ಮಾಯವಾಗುತ್ತಾಳೆ. ರಸಭಂಗ ಆಗಬಾರದಲ್ಲ? ಇಂದ್ರ ಅದೇ ಕ್ಷಣ ಅಂಥದೇ ಇನ್ನೊಬ್ಬಳನ್ನು ಸೃಷ್ಟಿಸಿ ಅದೇ ಜಾಗದಲ್ಲಿ ನಿಲ್ಲಿಸುತ್ತಾನೆ. ಅದೇ ರೂಪ, ಅದೇ ಹೆಜ್ಜೆ. ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ, ಒಬ್ಬ ವೃಷಭನಿಗೆ ಬಿಟ್ಟು. ಅಲ್ಲಿಂದ ಅವನ ದಾರಿಯೇ ಬೇರೆಯಾಯಿತು.

ಈ ಕಥೆಯನ್ನು ಸಂಸ್ಕೃತದ ಆದಿಪುರಾಣದಲ್ಲಿ ಹೇಳಿದವನು ಜಿನಸೇನ, ಅಮೋಘವರ್ಷನ ಗುರು ಎಂದು ಹೆಸರಾದವನು. ಕನ್ನಡದಲ್ಲಿ ಪಂಪ ಹೇಳಿದ್ದು 941ರಲ್ಲಿ. ಅವನ ದೊರೆ ಅರಿಕೇಸರಿ ವೇಮುಲವಾಡದಿಂದ ಆಳುತ್ತಿದ್ದ ರಾಷ್ಟ್ರಕೂಟರ ಸಾಮಂತ. ಇನ್ನೊಬ್ಬನನ್ನು ನಾವು ಮರೆತೇಬಿಟ್ಟಿದ್ದೇವೆ. ಪುಷ್ಪದಂತ, ಅಪಭ್ರಂಶದ ಮಹಾಕವಿ. ಮೂರನೆಯ ಕೃಷ್ಣನ ಕಾಲದಲ್ಲಿ, ಭರತ ಎಂಬ ಮಂತ್ರಿಯ ಆಶ್ರಯದಲ್ಲಿ, ಮಾನ್ಯಖೇಟದಲ್ಲೇ ಕುಳಿತು ಮಹಾಪುರಾಣ ಬರೆದ. 959ಕ್ಕೆ ಶುರು, 965ಕ್ಕೆ ಮುಗಿಯಿತು. ಅದರಲ್ಲೂ ನೀಲಾಂಜನೆ ಕುಣಿಯುತ್ತಾಳೆ. ಕಥೆ ಇವರೆಲ್ಲರಿಗಿಂತ ಹಳೆಯದು ಅನ್ನುವುದಕ್ಕೆ ಮಥುರೆಯ ಕಂಕಾಲಿ ಟೀಲಾದಲ್ಲಿ ಸಿಕ್ಕ ಶಿಲ್ಪಫಲಕವೊಂದಿದೆ, ಈಗ ಲಖನೌ ಮ್ಯೂಸಿಯಂನಲ್ಲಿ. ಅದರಲ್ಲಿ ಕುಣಿಯುತ್ತಿರುವವಳು ನೀಲಾಂಜನೆ ಎಂದು ವಿದ್ವಾಂಸರು ಗುರುತಿಸುತ್ತಾರೆ.

ಪುಷ್ಪದಂತ ಮುಗಿಸಿದ ಏಳೇ ವರ್ಷಕ್ಕೆ, 972ರಲ್ಲಿ, ಮಾಳವದ ಪರಮಾರ ಸೀಯಕ ಬಂದು ಮಾನ್ಯಖೇಟವನ್ನು ಸೂರೆ ಮಾಡಿದ. ಆಸ್ಥಾನವೇ ನೀಲಾಂಜನೆಯಾಯಿತು, ಅದರ ಜಾಗಕ್ಕೆ ನಕಲು ತಂದಿಡಲು ಯಾವ ಇಂದ್ರನೂ ಬರಲಿಲ್ಲ. ಈಗ ಒಂದು ಪಾಳು ಕೋಟೆ, ಒಂದು ಹಳೆಯ ಬಸದಿ, ಹೊಳೆ.

ಅಂದ ಹಾಗೆ ನನ್ನ ಕೆಲಸ ಏನು ಗೊತ್ತಾ? ಒಂದು ಸರ್ವರ್ ಸತ್ತರೆ ಆ ಕ್ಷಣವೇ ಇನ್ನೊಂದು ಅದರ ಜಾಗಕ್ಕೆ ಬರಬೇಕು, ಬಳಸುವವರಿಗೆ ಗೊತ್ತೇ ಆಗಬಾರದು. ಫೇಲ್‌ಓವರ್ ಅನ್ನುತ್ತೇವೆ. ಅಂದರೆ ಸಂಬಳ ತೆಗೆದುಕೊಂಡು ಇಂದ್ರನ ಕೆಲಸ ಮಾಡುವವನು ನಾನು. ಅದಕ್ಕೇ ಈ ಕಥೆಯಲ್ಲಿ ನನಗೆ ಇಂದ್ರನ ಮೇಲೇ ಕುತೂಹಲ. ವೃಷಭನಿಗೆ ಗೊತ್ತಾಗಲಿ ಅಂತಲೇ ಅವಳನ್ನು ಕರೆತಂದವನು, ಉಳಿದವರಿಗೆ ಗೊತ್ತಾಗದ ಹಾಗೆ ಯಾಕೆ ಮುಚ್ಚಿದ? ನನಗೆ ತೋಚಿದ್ದು ಇಷ್ಟು: ಕುಣಿತ ನಿಂತುಹೋಗಿದ್ದರೆ ಇಡೀ ಸಭೆಗೆ ಗೊತ್ತಾಗುತ್ತಿತ್ತು, ಅದರಲ್ಲೇನು ದೊಡ್ಡದು? ಎಲ್ಲವೂ ಸರಿಯಾಗಿಯೇ ನಡೆದಿರುವಾಗ ಏನೋ ಹೋಯಿತು ಎಂದು ಕಾಣುವುದು ಕಷ್ಟ.

ಎರಡನೆಯ ಉತ್ತರ ಬರುವುದು ನಾಲ್ಕು ಶತಮಾನ ಕಳೆದ ಮೇಲೆ. 14ನೆಯ ಶತಮಾನದ ಜಯತೀರ್ಥರು, ನಮ್ಮ ಮನೆಗಳಲ್ಲಿ ಟೀಕಾಚಾರ್ಯರು. ಅವರ ಗುರು ಅಕ್ಷೋಭ್ಯತೀರ್ಥರ ವೃಂದಾವನ ಮಳಖೇಡದಲ್ಲಿದೆ. ಜಯತೀರ್ಥರದು ಮಳಖೇಡವೋ ಆನೆಗೊಂದಿಯೋ ಎಂಬ ವಾದ ಮುಗಿದಿಲ್ಲ. ಸೇಡಂನವರನ್ನು ಕೇಳಿದರೆ ಉತ್ತರ ಒಂದೇ. ಅವರ ಕಥೆಯಲ್ಲೂ ಒಂದು ಎಚ್ಚರವಿದೆ. ಸಂಪ್ರದಾಯ ಹೇಳುವ ಪ್ರಕಾರ ಅವರು ಮೊದಲು ಧೋಂಡೋಪಂತ ಎಂಬ ಸಿರಿವಂತ ಹುಡುಗ. ಕುದುರೆ ಹೊಳೆಗಿಳಿದಾಗ ಮೇಲಿಂದ ಇಳಿಯದೆ ಬಗ್ಗಿ, ಬಾಯಿ ಹಚ್ಚಿ ನೀರು ಕುಡಿದ. ದಂಡೆಯಲ್ಲಿದ್ದ ಅಕ್ಷೋಭ್ಯರು ಹಿಂದಿನ ಜನ್ಮದಲ್ಲಿ ಪಶುವಾಗಿದ್ದೆಯೇನು ಎಂದು ಕೇಳಿದರಂತೆ. ಆ ಒಂದು ಮಾತಿಗೆ, ಮಧ್ವಾಚಾರ್ಯರ ಗ್ರಂಥ ಹೊರುತ್ತಿದ್ದ ಎತ್ತು ತಾನೇ ಎಂಬ ನೆನಪು ಬಂತಂತೆ.

ಕನಸಿನ ವಿಷಯಕ್ಕೆ ಬರೋಣ. ಕನಸು ಸುಳ್ಳು, ಎಚ್ಚರ ನಿಜ ಅನ್ನುವುದು ನಮ್ಮ ನಿಮ್ಮ ಲೆಕ್ಕ. ಗೌಡಪಾದರು ಎಚ್ಚರದ ಜಗತ್ತನ್ನೂ ಕನಸಿಗೆ ಹೋಲಿಸಿದರು. ಶಂಕರರು ಸೂತ್ರಭಾಷ್ಯದಲ್ಲಿ ಬೌದ್ಧರೊಡನೆ ವಾದಿಸುವಾಗ ಎರಡೂ ಒಂದೇ ಅಲ್ಲ ಎಂದರು, ಆದರೂ ಕನಸನ್ನು ಬರೀ ಮಾಯೆ ಎಂದೇ ಇಟ್ಟರು. ಮಧ್ವರು ಒಪ್ಪಲಿಲ್ಲ. ಅವರ ಭಾಷ್ಯಕ್ಕೆ ಜಯತೀರ್ಥರು ತತ್ತ್ವಪ್ರಕಾಶಿಕೆ ಎಂಬ ಟೀಕೆ ಬರೆದರು. ದ್ವೈತಿಗಳ ನಿಲುವು ನನಗೆ ಅರ್ಥವಾದಷ್ಟು ಹೀಗಿದೆ: ಕನಸಿನಲ್ಲಿ ಕಂಡದ್ದು ನಿಜವೇ. ಮನಸ್ಸಿನಲ್ಲಿ ಕೂಡಿಬಿದ್ದ ವಾಸನೆಗಳೇ ಅದರ ಸಾಮಾನು, ದೇವರು ಅದನ್ನು ಕಟ್ಟಿ ತೋರಿಸುತ್ತಾನೆ. ಕನಸಿನ ಆನೆ ವಾಸನೆಯ ಆನೆಯಾಗಿ ನಿಜ. ತಪ್ಪಾಗುವುದು ಒಂದೇ ಕಡೆ, ಅದನ್ನು ಹೊರಗಿನ, ಎಚ್ಚರದ ಆನೆ ಎಂದುಕೊಂಡಾಗ. ಎದ್ದಮೇಲೆ ಸುಳ್ಳಾಗುವುದು ಆನೆಯಲ್ಲ, ನಮ್ಮ ಆ ಎಣಿಕೆ.

ನಾನು ಮಾಧ್ವನಲ್ಲ, ಮೋಕ್ಷದ ವಿಷಯದಲ್ಲಿ ಮಾತಾಡುವಷ್ಟು ಓದಿದವನೂ ಅಲ್ಲ. ಆದರೆ ದಿನಕ್ಕೆ ಹತ್ತು ತಾಸು ಪರದೆ ನೋಡುವವನಿಗೆ ವರ್ಚುಯಲ್ ಜಗತ್ತು ಪೂರ್ತಿ ಸುಳ್ಳು ಅನ್ನುವ ಬೈಗುಳಕ್ಕಿಂತ ಈ ಮಾತು ಹೆಚ್ಚು ಕೆಲಸಕ್ಕೆ ಬರುತ್ತದೆ. ಆಟವೋ ಚಾಟೋ ವಿಡಿಯೋ ಕಾಲೋ, ಅದು ಅದಾಗಿ ನಿಜ. ಇನ್ನೊಂದಾಗಿ ಅಲ್ಲ.

ಇದನ್ನೆಲ್ಲ ಓದತೊಡಗಿದ್ದಕ್ಕೆ ಕಾರಣ ಬೇರೆಯೇ ಇದೆ.

ಸೇಡಂನಲ್ಲಿ ಅವ್ವ ಒಬ್ಬಳೇ. ದಿನಾ ರಾತ್ರಿ ಒಂಬತ್ತಕ್ಕೆ ವಿಡಿಯೋ ಕಾಲ್. ಬೇಳೆ ಡಬ್ಬಿಗೆ ಫೋನ್ ಒರಗಿಸಿ ಕೂರುತ್ತಾಳೆ. "ಊಟ ಆತೇನಪಾ? ಭಾಳ ಸೊರಗೀದಿ ನೋಡು" ಅನ್ನುತ್ತಾಳೆ. ನಾನು "ಇಲ್ಲ ಬೇ, ಛಲೋ ಅದೀನಿ" ಅನ್ನುತ್ತೇನೆ. ಎಂಟು ತಿಂಗಳು ಊರಿಗೆ ಹೋಗಿರಲಿಲ್ಲ. ದಿನಾ ನೋಡ್ತೀನಲ್ಲ, ಹೋದಂಗೇ ಲೆಕ್ಕ ಅಂದುಕೊಂಡಿದ್ದೆ. ಈ ಸಲ ಮಳಖೇಡ ದಾಟಿ ಮನೆಗೆ ಹೋಗಿ ಬಾಗಿಲಲ್ಲಿ ನಿಂತರೆ ಅವ್ವ "ಯಾರದು?" ಅಂದಳು. ಬೆಳಗಿನ ಬಿಸಿಲು, ನಾನು ನಾಲ್ಕೇ ಹೆಜ್ಜೆ ದೂರ.

ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನದು ಪೂರ್ತಿ ಬಲಿತಿದೆಯಂತೆ. ಎಷ್ಟು ದಿನದಿಂದ ಎಂದು ಕೇಳಿದರೆ ಹೇಳಲಿಲ್ಲ. ಚಿಂಚೋಳಿಯಲ್ಲಿರುವ ಅಕ್ಕ ಬಂದ ಮೇಲೆ ಬಾಯಿ ಬಿಟ್ಟಳು: ದೀಪಾವಳಿ ಆದಮೇಲೆ ಫೋನಿನ್ಯಾಗ ಬರೇ ಬೆಳಕು ಕಾಣ್ತದ, ಧ್ವನಿ ಕೇಳಿ ಮಾತಾಡ್ತೀನಿ. ಹಂಗಾದರೆ ದಿನಾ ಸೊರಗೀದಿ ಅಂತಿದ್ದೆಯಲ್ಲ? "ಅದಕ್ಕೇನು ನೋಡಬೇಕೇನಪಾ?" ಅಂದಳು.

ಎಲ್ಲ ಸರಿಯಾಗಿಯೇ ನಡೆದಿತ್ತು. ಅದೇ ಹೊತ್ತು, ಅದೇ ಡಬ್ಬಿ, ಅದೇ ಮಾತು. ಸಭೆಯಲ್ಲಿ ಕುಳಿತಿದ್ದವನು ನಾನೊಬ್ಬನೇ, ನನಗೂ ತಿಳಿಯಲಿಲ್ಲ.

ಮುಂದಿನ ತಿಂಗಳು ಕಲಬುರಗಿಯಲ್ಲಿ ಆಪರೇಶನ್, ಮೊದಲು ಬಲಗಣ್ಣು. ಹದಿನೈದು ದಿನ ರಜೆ ಹಾಕಿದ್ದೇನೆ. ಅಲ್ಲಿಯವರೆಗೆ ಅಕ್ಕ ಮನೆಯಲ್ಲಿರುತ್ತಾಳೆ. ಒಂಬತ್ತರ ಕಾಲ್ ನಿಂತಿಲ್ಲ. ಈಗ ಊಟದ ಮಾತಿಗಿಂತ ಮೊದಲು ನಾನು ಕೇಳುತ್ತೇನೆ, ಅವ್ವಾ, ಇವತ್ತು ನಾ ಯಾವ ಬಣ್ಣದ ಅಂಗಿ ಹಾಕ್ಕೊಂಡೀನಿ ಹೇಳು. ನಿನ್ನೆ ಬಿಳಿ ಅಂದಳು. ನೀಲಿ ಇತ್ತು.