ಟರ್ಬೊಚಾರ್ಜರ್‌ನಲ್ಲಿ ಸಣ್ಣ ಎಣ್ಣೆ ಸೋರಿಕೆ: ಪತ್ತೆಯ ಕ್ರಮ

ಕಾರಿನ ಟರ್ಬೊಚಾರ್ಜರ್‌ಗೆ ಬರುವ ಎಂಜಿನ್ ಆಯಿಲ್ ಹೊರಮೈಗೆ ಜಿನುಗುವುದನ್ನೂ ಒಳಗೇ ಗಾಳಿಯ ಅಥವಾ ಹೊಗೆಯ ದಾರಿಗೆ ಸೇರುವುದನ್ನೂ ಟರ್ಬೊ ಸೋರಿಕೆ ಎಂದೇ ಕರೆಯುತ್ತಾರೆ. ಎರಡೂ ಬೇರೆ ಬೇರೆ ದೋಷಗಳು, ಅವುಗಳ ಕಾರಣಗಳೂ ಬೇರೆ. ಸೋರಿಕೆ ಅಲ್ಪವಾಗಿದ್ದಾಗ ತಪ್ಪು ಟರ್ಬೊದ್ದಲ್ಲದೆ ಅದರ ಸುತ್ತಲಿನ ಪೈಪು, ವಾಷರ್, ಗ್ಯಾಸ್ಕೆಟ್‌ಗಳದ್ದಾಗಿರುವ ಸಾಧ್ಯತೆ ಸಾಕಷ್ಟಿದೆ. ಆದ್ದರಿಂದ ಎಣ್ಣೆ ಎಲ್ಲಿಂದ ಬಂತೆಂದು ತಿಳಿಯುವ ಮುನ್ನ ದುಬಾರಿಯಾದ ಟರ್ಬೊವನ್ನು ಬಿಚ್ಚುವುದು ಸರಿಯಲ್ಲ.

ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಈ ಸಾಧನದಲ್ಲಿ ಹೊಗೆಯ ರಭಸಕ್ಕೆ ತಿರುಗುವ ಟರ್ಬೈನ್ ಚಕ್ರವೂ ಗಾಳಿಯನ್ನು ಒತ್ತುವ ಕಂಪ್ರೆಸರ್ ಚಕ್ರವೂ ಒಂದೇ ದಂಡದ ಎರಡು ತುದಿಗಳಲ್ಲಿವೆ. ಸಣ್ಣ ಕಾರುಗಳಲ್ಲಿ ಈ ದಂಡ ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ತಿರುಗಬಲ್ಲದು. ಸಾಮಾನ್ಯ ವಿನ್ಯಾಸದಲ್ಲಿ ಅದನ್ನು ಬೇರಿಂಗ್‌ನೊಳಗೆ ತೇಲಿಸಿ ಹಿಡಿಯುವುದು ಎಣ್ಣೆಯ ತೆಳುಪದರ. ಎಂಜಿನ್ನಿನ ಪಂಪು ಸಣ್ಣ ಪೈಪಿನಲ್ಲಿ ಒತ್ತಡದಿಂದ ಎಣ್ಣೆ ಕಳಿಸುತ್ತದೆ. ಬೇರಿಂಗ್ ದಾಟಿ ನೊರೆಯಾದ ಎಣ್ಣೆ ದಪ್ಪ ಪೈಪಿನಲ್ಲಿ ತನ್ನ ಭಾರಕ್ಕೆ ತಾನೇ ಸಂಪ್‌ಗೆ ಇಳಿಯುತ್ತದೆ.

ದಂಡದ ತುದಿಗಳಲ್ಲಿ ಸಾಮಾನ್ಯವಾಗಿ ರಬ್ಬರ್ ಸೀಲ್ ಇರುವುದಿಲ್ಲ, ಪಿಸ್ಟನ್ ರಿಂಗಿನಂಥ ಲೋಹದ ಉಂಗುರಗಳಿರುತ್ತವೆ. ಒತ್ತಡದ ಗಾಳಿ ಮತ್ತು ಹೊಗೆ ಬೇರಿಂಗ್ ಕೋಣೆಗೆ ನುಗ್ಗದಂತೆ ತಡೆಯುವುದು ಇವುಗಳ ಮುಖ್ಯ ಕೆಲಸ. ಕೋಣೆಯೊಳಗಿನ ಒತ್ತಡ ಎರಡೂ ತುದಿಗಳಿಗಿಂತ ಕಡಿಮೆಯಿರುವವರೆಗೆ ಎಣ್ಣೆ ಒಳಗೇ ನಿಲ್ಲುತ್ತದೆ. ಇಳಿಯುವ ಪೈಪು ಕಟ್ಟಿಕೊಂಡರೆ, ಸಂಪ್‌ನಲ್ಲಿ ಎಣ್ಣೆ ಮಿತಿ ಮೀರಿದರೆ ಅಥವಾ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿದರೆ ಹೊಚ್ಚ ಹೊಸ ಟರ್ಬೊ ಕೂಡ ಸೋರುತ್ತದೆ. ಈ ಮೂರನ್ನೂ ನೋಡದೆ ಟರ್ಬೊ ಬದಲಿಸಿದಾಗ ಅದೇ ದೂರು ಮರಳಿ ಬರುವುದು ಇದರಿಂದಲೇ.

ಪರೀಕ್ಷೆ ಶುರುವಾಗುವುದು ತೊಳೆಯುವುದರಿಂದ. ತಣ್ಣಗಾದ ಎಂಜಿನ್ನಿನ ವೈರಿಂಗ್ ಕನೆಕ್ಟರ್‌ಗಳನ್ನೂ ಗಾಳಿ ಎಳೆಯುವ ಬಾಯನ್ನೂ ಮುಚ್ಚಿ, ಜಿಡ್ಡು ತೆಗೆಯುವ ದ್ರಾವಣದಿಂದ ತೊಳೆದು ಒಣಗಿಸಿ, ಸ್ವಲ್ಪ ದೂರ ಓಡಿಸಿ ತಂದು ನೋಡಬೇಕು. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಓಡುವಾಗಿನ ಗಾಳಿ ಅದನ್ನು ಹಿಂದಕ್ಕೂ ಹರಡುತ್ತದೆ. ಹಾಗಾಗಿ ಹನಿ ಬಿದ್ದ ಜಾಗಕ್ಕಿಂತ ಒದ್ದೆಯಾದ ಅತಿ ಮೇಲಿನ ಜಾಗವೇ ಮುಖ್ಯ. ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಸೋರಿ ಎಣ್ಣೆ ಟರ್ಬೊ ಮೇಲೆ ತೊಟ್ಟಿಕ್ಕಿದಾಗ ಟರ್ಬೊ ಅನ್ಯಾಯವಾಗಿ ಅಪವಾದ ಹೊರುತ್ತದೆ. ಟರ್ಬೊ ಎಂಜಿನ್ನಿನ ಹಿಂಬದಿಯಲ್ಲಿದ್ದರೆ ಟಾರ್ಚು, ಪುಟ್ಟ ಕನ್ನಡಿ ಬೇಕಾಗುತ್ತವೆ. ಆಗಲೂ ತಿಳಿಯದಿದ್ದರೆ ಎಣ್ಣೆಗೆ ಹೊಳೆಯುವ ಬಣ್ಣ ಬೆರೆಸಿ, ಓಡಿಸಿ, ಅತಿನೇರಳೆ ದೀಪ ಹಿಡಿದರೆ ಸೋರಿದ ದಾರಿ ಹಳದಿ-ಹಸಿರಾಗಿ ಮಿನುಗುತ್ತದೆ.

ಎಣ್ಣೆ ಬರುವ ಪೈಪಿನ ಬ್ಯಾಂಜೊ ಬೋಲ್ಟಿನ ಎರಡೂ ಬದಿಗೆ ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್‌ಗಳಿರುತ್ತವೆ. ಬಿಗಿಮಾಡಿದಾಗ ಅವು ಚಪ್ಪಟೆಯಾಗಿ ಕೂರುವುದರಿಂದ ಬಿಚ್ಚಿದಾಗಲೆಲ್ಲ ಹೊಸವನ್ನೇ ಹಾಕಬೇಕು. ಇಲ್ಲಿ ಒತ್ತಡವಿರುವುದರಿಂದ ಕೂದಲೆಳೆಯ ಸಂದೂ ಸುತ್ತೆಲ್ಲ ಒದ್ದೆ ಮಾಡುತ್ತದೆ. ಕೆಳಗಿನ ಪೈಪಿನಲ್ಲಿ ಒತ್ತಡವಿಲ್ಲ. ಅಲ್ಲಿ ಗ್ಯಾಸ್ಕೆಟ್ ಹೋದರೆ ಅಥವಾ ಬಿಸಿಗೆ ಓ-ರಿಂಗ್ ಗಡುಸಾದರೆ ನಿಧಾನವಾಗಿ ಹನಿಯುತ್ತದೆ. ಅದನ್ನು ನಿಲ್ಲಿಸಲು ಸಿಲಿಕೋನ್ ಪೇಸ್ಟ್ ಮೆತ್ತುವುದು ಕೆಟ್ಟ ಅಭ್ಯಾಸ. ಹೆಚ್ಚಾದ ಪೇಸ್ಟ್ ಒಳಕ್ಕೆ ಉಬ್ಬಿ ದಾರಿ ಕಿರಿದಾಗಿಸಿ, ಹೊರಗಿನ ಸಣ್ಣ ಸೋರಿಕೆಯನ್ನು ಒಳಗಿನ ದೊಡ್ಡ ಸೋರಿಕೆಯಾಗಿಸುತ್ತದೆ.

ಇಂಟರ್‌ಕೂಲರ್ ಹೋಸ್‌ಗಳ ಒಳಗೆ ಎಣ್ಣೆಯ ತೆಳು ಲೇಪವಿದ್ದರೆ ಅದು ದೋಷವಲ್ಲ. ಬ್ರೀದರ್ ಪೈಪಿನಿಂದ ಬರುವ ಎಣ್ಣೆಯ ಆವಿ ಕಂಪ್ರೆಸರ್ ಮೂಲಕವೇ ಹಾದುಹೋಗುತ್ತದೆ. ಹೋಸ್ ಕ್ಲಿಪ್ ಸಡಿಲವಾದರೆ ಒತ್ತಡದ ಗಾಳಿ ಅದನ್ನು ಸಂದಿನಿಂದ ಹೊರಕ್ಕೆ ಊದುತ್ತದೆ, ಕ್ಲಿಪ್ ಬಿಗಿಮಾಡಿದರೆ ಕೆಲಸ ಮುಗಿಯಿತು. ಲೇಪ ದಪ್ಪವಾಗಿದ್ದರೆ ಕಂಪ್ರೆಸರ್ ಬಾಯಿಗೆ ಸೇರುವ ಹೋಸ್ ಕಳಚಿ ನೋಡಬೇಕು. ಅಲ್ಲೂ ಎಣ್ಣೆಯಿದ್ದರೆ ಬ್ರೀದರ್ ಕಡೆಗೆ ಅನುಮಾನ. ಅಲ್ಲಿ ಒಣಗಿದ್ದು ಚಕ್ರದ ಆಚೆಗೆ ಒದ್ದೆಯಾಗಿದ್ದರೆ ಉಂಗುರವನ್ನು ದಾಟಿ ಬಂದದ್ದು. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡಾಗಲೂ ಕಂಪ್ರೆಸರ್ ಬದಿಯಲ್ಲಿ ಒತ್ತಡ ಕುಸಿದು ಹೀಗೆ ಎಣ್ಣೆ ಹೊರಬರಬಹುದು.

ಟರ್ಬೈನ್ ಬದಿಗೆ ಸೋರಿದರೆ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಕಾಣುತ್ತದೆ, ಅದರಲ್ಲೂ ಬಹಳ ಹೊತ್ತು ಐಡ್ಲಿಂಗ್ ಬಿಟ್ಟು ಆಕ್ಸಲರೇಟರ್ ಒತ್ತಿದಾಗ. ಟರ್ಬೊಗಿಂತ ಮೊದಲಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೂಡ ಎಣ್ಣೆಯಾಗಿದ್ದರೆ ತಪ್ಪು ಪಿಸ್ಟನ್ ರಿಂಗಿನದ್ದೋ ವಾಲ್ವಿನ ಭಾಗಗಳದ್ದೋ ಇರಬೇಕು.

ಕೊನೆಗೆ ದಂಡದ ಆಟ. ಎಂಜಿನ್ ನಿಂತು ತಣ್ಣಗಾದ ಮೇಲೆ ಬೆರಳಿನಿಂದ ಚಕ್ರವನ್ನು ಅಲುಗಿಸಿದರೆ ಅಡ್ಡಕ್ಕೆ ತುಸು ಆಟ ಸಹಜ, ಏಕೆಂದರೆ ಆಗ ದಂಡವನ್ನು ತೇಲಿಸುವ ಎಣ್ಣೆಯ ಒತ್ತಡವಿರುವುದಿಲ್ಲ. ಉದ್ದಕ್ಕೆ ಎಳೆದು ತಳ್ಳಿದಾಗ ಕೈಗೆ ಸಿಗುವಷ್ಟು ಆಟ ಇರಕೂಡದು. ರೆಕ್ಕೆಗಳ ತುದಿ ಗೋಡೆಗೆ ಉಜ್ಜಿದ ಗುರುತಿದ್ದರೆ ಬೇರಿಂಗ್ ಸವೆದಿದೆ. ಟರ್ಬೊ ಬಿಚ್ಚುವುದು ಅನಿವಾರ್ಯ.

ಬರಿಯ ಪಸೆಯಾದರೆ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ನೋಡುತ್ತ ಕಾರು ಬಳಸಬಹುದು. ಟರ್ಬೈನ್ ಕವಚದ ಮೇಲೆ ಹನಿ ಬಿದ್ದು ಸುಟ್ಟ ವಾಸನೆ ಬಂದರೆ ತಡಮಾಡಬಾರದು: ಪೆಟ್ರೋಲ್ ಎಂಜಿನ್ನಿನಲ್ಲಿ ಹೊಗೆಯ ಬಿಸಿ 900 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು, ಎಣ್ಣೆಗೆ ಬೆಂಕಿ ಹತ್ತಬಹುದು. ಡೀಸೆಲ್ ಕಾರಿನಲ್ಲಿ ಗಾಳಿಯ ದಾರಿಗೆ ಹೆಚ್ಚು ಎಣ್ಣೆ ಸೇರಿದರೆ ಎಂಜಿನ್ ಆ ಎಣ್ಣೆಯನ್ನೇ ಇಂಧನವಾಗಿ ಉರಿಸಿ ಹಿಡಿತ ತಪ್ಪಿ ಓಡುತ್ತದೆ, ಕೀ ತಿರುಗಿಸಿದರೂ ನಿಲ್ಲದು. ಹೋಸ್‌ನಲ್ಲಿ ಎಣ್ಣೆ ಮಡುಗಟ್ಟಿರುವುದು ಕಂಡರೆ ಅಂಥ ಕಾರನ್ನು ಸ್ಟಾರ್ಟ್ ಮಾಡದೆ ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು.