ಹೊಲದ ಮರದ ಒಡೆತನ: ಹತ್ತರಗಿ ಸೀಮೆಯನ್ನು ಕುರಿತು ಒಂದು ವಿಚಾರ

ಅರಣ್ಯದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಸರಕಾರಿ ಕಾಡನ್ನೇ ನೋಡಿರುವರು. ಒಕ್ಕಲಿಗನ ಒಡ್ಡಿನ ಮೇಲೆ ನಿಂತ ಮರವು ಅವರ ಗಣನೆಗೆ ಅಷ್ಟಾಗಿ ಬಂದಂತಿಲ್ಲ. ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ಊರು. ಇದರ ಪಶ್ಚಿಮಕ್ಕೆ ಸಹ್ಯಾದ್ರಿಯ ಮಳೆ ಹೆಚ್ಚು. ಪೂರ್ವದಲ್ಲಿ ಗೋಕಾಕ, ಮೂಡಲಗಿಗಳ ಕಡೆಗೆ ಸಾಗಿದಂತೆಲ್ಲ ಮಳೆ ಕಡಮೆಯಾಗಿ ಎರೆಹೊಲಗಳು ಹರಡಿಕೊಳ್ಳುತ್ತವೆ. ಇಂಥ ಸೀಮೆಯಲ್ಲಿ ಸಣ್ಣ ಹಿಡುವಳಿದಾರನು ಬೆಳೆಯೊಡನೆ ಮರವನ್ನು ಉಳಿಸಿಕೊಂಡದ್ದು ಏತಕ್ಕೆ, ಬಿಟ್ಟದ್ದು ಏತಕ್ಕೆ ಎಂಬ ಪ್ರಶ್ನೆಯನ್ನು ಒಡೆತನದ ದೃಷ್ಟಿಯಿಂದ ನಾವು ಇಲ್ಲಿ ವಿಚಾರಿಸುತ್ತೇವೆ.

ಮೊದಲು ಜಾಲಿಯ ಮಾತು. ರಂಟೆ, ಕುಂಟೆ, ಕೂರಿಗೆ, ಚಕ್ಕಡಿ ಇವೆಲ್ಲಕ್ಕೂ ಗಟ್ಟಿಯಾದ ಮರ ಬೇಕಾಗಿದ್ದಿತು. ಅದನ್ನು ಜಾಲಿ ಒದಗಿಸಿತು. ಬೇಸಗೆಯಲ್ಲಿ ಹುಲ್ಲು ಒಣಗಿದಾಗ ಅದರ ಕಾಯಿ ಆಡು-ಕುರಿಗಳಿಗೆ ಆಹಾರ. ತೊಗಟೆ ಚರ್ಮ ಹದ ಮಾಡುವವರಿಗೆ ಬೇಕಾದ ವಸ್ತು. ಬೇರು ಒಡ್ಡಿನ ಮಣ್ಣನ್ನು ಹಿಡಿದಿಡುತ್ತದೆ. ಅದರ ನೆರಳಿನಲ್ಲಿ ಜೋಳ ಸೊರಗುವುದೂ ನಿಜ. ಒಕ್ಕಲಿಗನು ಇದನ್ನು ಅರಿಯದವನಲ್ಲ. ಆದುದರಿಂದಲೇ ಟೊಂಗೆಗಳನ್ನು ಸವರಿ, ಮರವನ್ನು ನಡುಹೊಲದಲ್ಲಿ ಬಿಡದೆ ಒಡ್ಡಿಗೆ ತಳ್ಳಿದನು. ಮುಂಗಾರು ಕೈಕೊಟ್ಟ ವರ್ಷ ಬೆಳೆ ಹೋದರೂ ಮರ ಹೋಗುತ್ತಿರಲಿಲ್ಲ. 1876-78ರ ಕ್ಷಾಮವು ಬೆಳಗಾವಿ ಜಿಲ್ಲೆಯನ್ನು ತೀವ್ರವಾಗಿ ಬಾಧಿಸಿತೆಂಬುದನ್ನು ನೆನೆದರೆ ಇದರ ಬೆಲೆ ತಿಳಿದೀತು.

ಈ ಜಾಣ್ಮೆಗೆ ಕಾಯಿದೆಯ ಆಸರೆಯೂ ಇದ್ದಿತು. 1879ರ ಮುಂಬಯಿ ಭೂಕಂದಾಯ ಸಂಹಿತೆಯ 40ನೆಯ ಕಲಮು, ಅದಕ್ಕೆ ಮೊದಲೇ ಮೋಜಣಿ ಮುಗಿದ ಹಳ್ಳಿಗಳಲ್ಲಿ ಹೊಲದ ಮರಗಳ ಮೇಲಿನ ಸರಕಾರದ ಹಕ್ಕನ್ನು ಹಿಡುವಳಿದಾರನಿಗೇ ಬಿಟ್ಟುಕೊಟ್ಟಿತು. ಆದರೆ ಸರಕಾರವು ಕಾದಿರಿಸಿಕೊಂಡ ಮರಗಳಿಗೆ ಈ ವಿನಾಯಿತಿ ಸಲ್ಲಲಿಲ್ಲ. ಸಾಗುವಾನಿ, ಬೀಟೆ, ಶ್ರೀಗಂಧಗಳು ಈ ಸಾಲಿನವು. ಒಂದೇ ಒಡ್ಡಿನ ಮೇಲೆ ಒಂದು ಮರ ರೈತನದು, ಇನ್ನೊಂದು ಸರಕಾರದ್ದು!

ಶ್ರೀಗಂಧದ ವಿಷಯದಲ್ಲಿ ಇದರ ಪರಿಣಾಮ ವಿಶೇಷವಾಗಿ ತೋರಿಬರುತ್ತದೆ. ಅದು ನೆರೆಯ ಗಿಡದ ಬೇರಿನಿಂದ ಪೋಷಣೆ ಪಡೆಯುವ ಮರವಾದ್ದರಿಂದ ಒಡ್ಡಿನ ಮಿಶ್ರ ಬೆಳವಣಿಗೆಗೆ ತಕ್ಕುದು. ಆದರೆ ಇಂದು ಕರ್ನಾಟಕ ಅರಣ್ಯ ಅಧಿನಿಯಮವೆನಿಸಿರುವ 1963ರ ಶಾಸನವೂ ಅದನ್ನು ಸರಕಾರದ ಸ್ವತ್ತಾಗಿಯೇ ಉಳಿಸಿತು. ಹೊಲದವನಿಗೆ ಮಾರಾಟದ ಹಣದಲ್ಲಿ ಪಾಲು ಸಲ್ಲುತ್ತಿದ್ದಿತಾದರೂ, ಮರ ಕಳುವಾದಾಗ ಮೊದಲು ಉತ್ತರ ಹೇಳಬೇಕಾದವನೂ ಅವನೇ. ತಾನಾಗಿ ಹುಟ್ಟಿದ ಸಸಿಯನ್ನು ಕಿತ್ತೊಗೆಯುವ ಪ್ರವೃತ್ತಿ ಬೆಳೆದುದರಲ್ಲಿ ಆಶ್ಚರ್ಯವೇನು? ಇದನ್ನು ರೈತನ ಅಜ್ಞಾನವೆನ್ನುವವರ ಮತವನ್ನು ನಾವು ಒಪ್ಪಲಾರೆವು. 2001ರ ತಿದ್ದುಪಡಿಯಿಂದ ಶ್ರೀಗಂಧದ ಒಡೆತನ ಭೂಮಾಲಿಕನಿಗೆ ಬಂದಿತು. ಮಾರಾಟದ ಮೇಲಿನ ಕಟ್ಟುಪಾಡು ಮಾತ್ರ ಉಳಿಯಿತು.

ಇತ್ತ ಜಾಲಿಯ ಕಥೆ ಬೇರೆ ದಾರಿ ಹಿಡಿಯಿತು. ಘಟಪ್ರಭೆಯ ನೀರಾವರಿ, ಕಬ್ಬು, ಟ್ರ್ಯಾಕ್ಟರುಗಳು ಬಂದ ಮೇಲೆ ರಂಟೆಯ ಮರಕ್ಕೆ ಬೇಡಿಕೆ ತಗ್ಗಿತು. ಒಡ್ಡಿನ ನೆರಳು ನಷ್ಟವೆನಿಸಿತು. ಹಕ್ಕಿದ್ದರೂ ಉಪಯೋಗವಿಲ್ಲದ ಮರ ಉಳಿಯುವುದು ಕಷ್ಟ. ರಾಜ್ಯವು 2011-12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು ಬದುಕುಳಿದ ಪ್ರತಿ ಸಸಿಗೆ ಮೂರು ವರ್ಷ ಹಣ ಕೊಡುತ್ತದೆ. ಕೇಂದ್ರವು 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯನ್ನು ಪ್ರಕಟಿಸಿ, ಕಡಿಯುವ ಹಾಗೂ ಸಾಗಿಸುವ ನಿರ್ಬಂಧಗಳ ಸಡಿಲಿಕೆಯನ್ನು ಸೂಚಿಸಿತು. ನಮ್ಮ ಅಭಿಪ್ರಾಯದಲ್ಲಿ ಎರಡನೆಯದೇ ಹೆಚ್ಚು ಮಹತ್ವದ್ದು. ಮೂರು ವರ್ಷದ ಹಣ ಸಸಿಯನ್ನು ನೆಡಿಸಬಲ್ಲುದು. ಗಂಧದ ಕೆಚ್ಚು ಕಟ್ಟಲು ಬೇಕಾಗುವ ಹದಿನೈದಿಪ್ಪತ್ತು ವರ್ಷ ಕಾಯುವ ಧೈರ್ಯವನ್ನು ಎರಡೆಕರೆಯ ಒಕ್ಕಲಿಗನಿಗೆ ಅದು ಕೊಡಲಾರದು.

ಪಹಣಿಯಲ್ಲಿ ಮರಗಳ ಹೆಸರು, ಸಂಖ್ಯೆಗಳಿಗಾಗಿ ಒಂದು ಅಂಕಣವುಂಟು. ಹತ್ತರಗಿಯ ಹಳೆಯ ಪಹಣಿಗಳಲ್ಲಿ ಈ ಅಂಕಣವನ್ನು ವರ್ಷಾನುವರ್ಷ ಓದಿ, ಪಾಲಾದ ಹೊಲಗಳ ನಡುವಣ ಒಡ್ಡಿನ ಮರ ಯಾರ ಹೆಸರಿಗೆ ಹೋಯಿತೆಂಬುದನ್ನು ಗುರುತಿಸುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಕೊಳ್ಳಬಹುದಾಗಿದೆ.