ಕಾವೇರಿಯ ಮಡುವಿಗೆ ಬಂದ ಪುಣೆಯ ಮೀನು

1946ರ ಮಾರ್ಚ್ 22ರಂದು ಕಬಿನಿ ನದಿಯಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಅವರ ಗಾಳಕ್ಕೆ ಸಿಕ್ಕ ಮಹಶೀರ್ ಮೀನು 120 ಪೌಂಡ್ ತೂಗಿತು. ಅಂದರೆ ಸುಮಾರು 54 ಕಿಲೊ. ಬೇಟೆಯಾಡಿದ ಹುಲಿ, ಚಿರತೆಗಳ ಚರ್ಮ ಹದಮಾಡಿ, ಜೀವವಿದ್ದಂತೆ ನಿಲ್ಲಿಸುವುದರಲ್ಲಿ ಹೆಸರಾದ ಮನೆತನ ಅವರದು. ಇಷ್ಟು ದೊಡ್ಡದಾಗಿ ಬೆಳೆಯುತ್ತಿದ್ದದ್ದು ಬೆನ್ನು ಗೂನಿನಂತೆ ಉಬ್ಬಿದ ಒಂದು ಜಾತಿಯ ಮಹಶೀರ್. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಅದರ ಮೂಲ ನೆಲೆ ಬೇರೆಲ್ಲೂ ಇಲ್ಲ. ಆದರೂ ಅದಕ್ಕೊಂದು ಸರಿಯಾದ ವೈಜ್ಞಾನಿಕ ಹೆಸರು ಸಿಗಲು 2018ರ ತನಕ ಕಾಯಬೇಕಾಯಿತು. ಆ ಹೊತ್ತಿಗೆ ಮೀನೇ ಮುಗಿಯುತ್ತ ಬಂದಿತ್ತು.

ನಮ್ಮ ನದಿಗಳಲ್ಲಿ ಮೀನಿನೊಂದಿಗೆ ಎರಡು ಬಗೆಯ ಸಂಬಂಧ ಹಿಂದಿನಿಂದಲೂ ಇತ್ತು. ಊಟಕ್ಕೆ ಹಿಡಿಯುವುದು ಒಂದು. ರಾಮನಾಥಪುರದಂಥ ಕ್ಷೇತ್ರಗಳಲ್ಲಿ ದೇವರ ಮೀನೆಂದು ಅಕ್ಕಿ, ಪುರಿ ಹಾಕಿ ಸಾಕುವುದು ಇನ್ನೊಂದು. ಮೋಜಿಗಾಗಿ ಗಾಳ ಹಾಕುವ ಮೂರನೆಯ ಬಗೆ ಬಂದದ್ದು ಇಂಗ್ಲಿಷರಿಂದ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಪ್ರಕಟವಾಯಿತು. ತಮ್ಮ ನಾಡಿನ ಸಾಲ್ಮನ್ ಮೀನನ್ನೇ ಹೊಗಳುತ್ತಿದ್ದ ಗಾಳಗಾರರ ಕಣ್ಣು ಮಹಶೀರ್ ಮೇಲೆ ಬೀಳುವಂತೆ ಮಾಡಿದ ಪುಸ್ತಕ ಅದು.

ಸ್ವಾತಂತ್ರ್ಯದ ನಂತರ ಈ ಆಟ ಬಹುಮಟ್ಟಿಗೆ ನಿಂತಿತು. ನದಿಗೆ ಡೈನಮೈಟ್ ಎಸೆದು ಮೀನು ಹಿಡಿಯುವವರ ಹಾವಳಿ ಮಾತ್ರ ನಿಲ್ಲಲಿಲ್ಲ. ದೊಡ್ಡ ಮಹಶೀರ್ ಇನ್ನಿಲ್ಲವೆಂದು ಹೊರದೇಶದವರು ನಂಬಿದ್ದಾಗಲೇ, 1970ರ ದಶಕದ ಕೊನೆಗೆ ಮೂವರು ಇಂಗ್ಲಿಷ್ ತರುಣರು ಹುಡುಕಿಕೊಂಡು ಬಂದರು. ಕಾವೇರಿಯಲ್ಲಿ ಅವರಿಗೆ ಅದು ಸಿಕ್ಕಿತು. ಮುಂದೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಶಿಬಿರಗಳು ನಡೆದವು. ಹರಿಗೋಲಿನಲ್ಲಿ ಕೂತು, ನೀರು ನಿಧಾನವಾಗುವ ಆಳದ ಮಡುವಿಗೆ ಗಾಳ ಇಳಿಸಬೇಕು. ಎರೆ ಬೇಯಿಸಿದ ರಾಗಿಹಿಟ್ಟಿನ ಉಂಡೆ. ಕಾಯುವ ಹೊತ್ತಿಗೆ ಬಂಡೆಯ ಮೇಲೆ ಮೊಸಳೆ, ದಡದಲ್ಲಿ ನೀರುನಾಯಿ, ಸಂಜೆಗೆ ನೀರು ಕುಡಿಯಲು ಬರುವ ಆನೆ. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಮತ್ತೆ ನೀರಿಗೆ ಬಿಡಬೇಕೆಂಬುದು ನಿಯಮ. ಸುತ್ತಲ ಹಳ್ಳಿಗಳ ಜನರಿಗೆ ಹರಿಗೋಲು ಹಾಕುವ, ನದಿ ಕಾಯುವ ಕೆಲಸ ಸಿಕ್ಕಿತು. ಅವರ ಸಂಬಳ ಗಾಳಗಾರರ ಶುಲ್ಕದಿಂದ ಬರುತ್ತಿತ್ತು.

ಪುಣೆ, ಮುಂಬೈಯ ಓದುಗರಿಗೆ ಕತೆಯ ಮುಂದಿನ ಭಾಗ ಹತ್ತಿರದ್ದು. 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಪುಣೆಯ ಬಳಿ ಮುಳಾ-ಮುಠಾ ನದಿಯ ಮಹಶೀರ್ ಒಂದನ್ನು ವರ್ಣಿಸಿ 'ಖುದ್ರೀ' ಎಂದು ಹೆಸರಿಟ್ಟಿದ್ದ. ಇದಕ್ಕೆ ನೀಲಿ ರೆಕ್ಕೆ. 1970ರ ದಶಕದಿಂದ ಲೋನಾವಳದ ಟಾಟಾ ಮೀನುಮರಿ ಕೇಂದ್ರದಲ್ಲಿ ಇದರ ಮರಿಗಳನ್ನು ಬೆಳೆಸಿ ಹಲವು ರಾಜ್ಯಗಳಿಗೆ ಕೊಟ್ಟರು. ಕಾವೇರಿಗೂ ಅವು ಬಂದವು. ಮಹಶೀರ್ ಕಡಿಮೆಯಾಗುತ್ತಿದೆ, ಮಹಶೀರ್ ಮರಿ ಬಿಟ್ಟರೆ ಸರಿಹೋಗುತ್ತದೆ ಎಂಬ ಲೆಕ್ಕ. ಯಾವ ಮಹಶೀರ್ ಎಂದು ಕೇಳಲಿಲ್ಲ.

ಗಾಳ ಹಾಕುವುದೂ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಯೇ ಎಂಬ ವಾದದಿಂದ, 2012ರ ಹೊತ್ತಿಗೆ ಕಾವೇರಿ ವನ್ಯಧಾಮದೊಳಗೆ ಈ ಆಟ ನಿಂತಿತು. ಉಳಿದದ್ದು ಗಾಳಿಬೋರೆಯ ದಾಖಲೆ ಪುಸ್ತಕಗಳು. 1998ರಿಂದ 2012ರವರೆಗೆ ಹಿಡಿದು ಬಿಟ್ಟ 6,161 ಮಹಶೀರ್‌ಗಳ ಲೆಕ್ಕ ಅವುಗಳಲ್ಲಿತ್ತು. ಸಂಶೋಧಕರು ಅದನ್ನು ಬಿಡಿಸಿ 2015ರಲ್ಲಿ ಪ್ರಕಟಿಸಿದರು. ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಹೆಚ್ಚಿದ್ದು ನೀಲಿ ರೆಕ್ಕೆಯದು. ಗೂನುಬೆನ್ನಿನದು ಪುಸ್ತಕದಿಂದ ಮರೆಯಾಗುತ್ತಿತ್ತು. ಬರೀ ಒಟ್ಟು ಸಂಖ್ಯೆ ನೋಡಿದವರಿಗೆ ನದಿ ಚೆನ್ನಾಗಿಯೇ ಇದೆ ಎನಿಸುತ್ತಿತ್ತು.

2018ರಲ್ಲಿ, ಮೋಯಾರ್ ನದಿಯಲ್ಲಿ ಉಳಿದಿದ್ದ ಗೂನುಬೆನ್ನಿನ ಮೀನುಗಳನ್ನು ಪರೀಕ್ಷಿಸಿದಾಗ ಅದು 'ಟಾರ್ ರೆಮಾದೇವಿ' ಎಂದು ತಿಳಿಯಿತು. 2007ರಲ್ಲಿ ಕಾವೇರಿಯ ಉಪನದಿ ಪಾಂಬಾರಿನ ಚಿಕ್ಕ ಮೀನುಗಳನ್ನು ನೋಡಿ ಕೇರಳದ ವಿಜ್ಞಾನಿಗಳು ಇಟ್ಟಿದ್ದ ಹೆಸರದು. 2018ರಲ್ಲೇ ಐಯುಸಿಎನ್ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಮೋಜಿಗಾಗಿ ಮೀನಿನ ಬಾಯಿಗೆ ಕೊಕ್ಕೆ ಹಾಕುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ಮೀನು ಕೈಜಾರುತ್ತಿದೆ ಎಂದು ನಮಗೆ ತಿಳಿಸಿದ್ದು ಆ ಗಾಳಗಾರರ ಲೆಕ್ಕವೇ. ತಪ್ಪು ಮೀನನ್ನು ತಂದು ಬಿಟ್ಟದ್ದೂ ನದಿಯನ್ನು ಪ್ರೀತಿಸಿದವರೇ. ಇಂದು ಭೀಮೇಶ್ವರಿಗೆ ಹೋದರೆ ಕಯಾಕ್ ಹತ್ತಬಹುದು, ಹರಿಗೋಲಿನಲ್ಲಿ ಕೂತು ಹಕ್ಕಿ ನೋಡಬಹುದು. ಮಡುವಿನ ತಳದಲ್ಲಿ ಯಾವ ಮೀನಿದೆ ಎಂಬುದು ಮೇಲಿನಿಂದ ಕಾಣುವುದಿಲ್ಲ. ಅದನ್ನು ಬರೆದಿಡುತ್ತಿದ್ದ ಪುಸ್ತಕ 2012ಕ್ಕೇ ನಿಂತಿದೆ.